ಪದ ಬೇಕು: ಮರಳಿನ ಮೇಲೆ ಬೆಳೆಯುವ ಗಿಡ-ಹುಲ್ಲಿಗೆ 'ಹಸಿರು ಹೊದಿಕೆ' ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ. ಥಾರ್ ಮರುಭೂಮಿಯ ಬಗ್ಗೆ ಶಾಲಾ ಮಕ್ಕಳಿಗಾಗಿ ಒಂದು ಫಲಕ ಬರೆಯುತ್ತಿದ್ದೇನೆ. ನಾಳೆ ಸಂಜೆ ಪ್ರಿಂಟಿಗೆ ಹೋಗಬೇಕು. ಮಳೆ ಏರುಪೇರಾದ ಹಾಗೆ ಅಲ್ಲಿನ ಹುಲ್ಲು, ಪೊದೆ, ಮರ ಹೇಗೆ ಬದಲಾಗುತ್ತವೆ ಅನ್ನೋದು ವಿಷಯ. 'ಸಸ್ಯಾವರಣ' ಮಕ್ಕಳಿಗೆ ಭಾರ. 'ಹಸಿರು ಹೊದಿಕೆ' ಸಾಕಲ್ವಾ? ಗಿಡ ಬೆಳೆದು, ಗಾಳಿಗೆ ಕದಲದೆ ಉಳಿದ ಮರಳುದಿಬ್ಬಕ್ಕೂ ಒಂದು ಹೆಸರು ಬೇಕು.

* * *

ಸಾಕು. ಆದರೆ 'ಮರುಭೂಮಿ' ತೆಗೆಯಿರಿ. 'ಮರಳುಗಾಡು' ಇರುವಾಗ ಸಂಸ್ಕೃತ ಯಾಕೆ? ಅದರಲ್ಲಿ 'ಕಾಡು' ಕೂತಿದೆ, ಗಮನಿಸಿ. ಸುಡುಗಾಡಿನಲ್ಲೂ ಅದೇ. ಕಾಡು ಅಂದರೆ ಬರೀ ಮರಗಳಲ್ಲ, ಜನವಿಲ್ಲದ ಬೀಳುನೆಲವೂ ಹೌದು. 'ಮರಳು' ನಮ್ಮ ಹಳೆಯ ಮಳಲ್, ತಮಿಳಿನ ಮಣಲ್‌ಗೆ ನಂಟು. 'ಫಲಕ'ವೂ ಬೇಡ, ಹಲಗೆ ಅನ್ನಿ.

* * *

ಮಳಲ್ ಚರ್ಚೆ ಆಮೇಲೆ ಇಟ್ಟುಕೊಳ್ಳೋಣ. ಕೇಳಿದವರಿಗೆ ನಾಳೆ ಸಂಜೆಯೊಳಗೆ ಉತ್ತರ ಬೇಕು.

'ಹಸಿರು ಹೊದಿಕೆ' ತಪ್ಪು. ಜೈಸಲ್ಮೇರ್ ಕಡೆ ವರ್ಷದ ಮಳೆ 200 ಮಿಲಿಮೀಟರ್‌ಗಿಂತ ಕಡಿಮೆ. ಅದೂ ಹೆಚ್ಚಾಗಿ ಜುಲೈನಿಂದ ಸೆಪ್ಟೆಂಬರ್‌ವರೆಗೆ. ಒಂದು ಒಳ್ಳೆ ಮಳೆಗೆ ಸಣ್ಣ ಹುಲ್ಲು ಕೆಲವೇ ದಿನಗಳಲ್ಲಿ ಏಳುತ್ತದೆ, ಬೀಜ ಉದುರಿಸಿ ಸಾಯುತ್ತದೆ. ಉಪಗ್ರಹದ ಚಿತ್ರದಲ್ಲಿ ಕಾಣುವ ಹಸಿರಿನಲ್ಲಿ ಇದೂ ಇದೆ, ಕಾಲುವೆ ಮತ್ತು ಕೊಳವೆಬಾವಿ ನೀರಿನ ಬೆಳೆಯೂ ಇದೆ. ಮರಳನ್ನು ಹಿಡಿದಿಡುವುದು ಇವಲ್ಲ. ಸೇವಣ ಹುಲ್ಲು, ಫೋಗ್ ಪೊದೆ, ಖೇಜ್ರಿ ಮರ. ಬೇಸಿಗೆಯಲ್ಲಿ ಸೇವಣ ಒಣಗಿ ಹಳದಿಯಾಗಿರುತ್ತದೆ. ಆಗಲೂ ಅದರ ಬುಡ ಗಾಳಿಯನ್ನು ನೆಲದ ಹತ್ತಿರ ತಡೆಯುತ್ತದೆ. ಅಲ್ಲಿ ಗಾಳಿಯ ಅಬ್ಬರ ಮಳೆಗೆ ಮುಂಚಿನ ಆ ತಿಂಗಳುಗಳಲ್ಲೇ ಜಾಸ್ತಿ. ಹೊದಿಕೆ ತುಂಬಾ ಬೇಕಾದ ಹೊತ್ತಿಗೆ ಹಸಿರೇ ಇರುವುದಿಲ್ಲ! 'ಸಸ್ಯ ಹೊದಿಕೆ' ಅನ್ನಿ.

ಮರಳಿನ ಗುಣವನ್ನೂ ಬರೆಯಿರಿ. ನೀರು ಬೇಗ ಆಳಕ್ಕಿಳಿಯುತ್ತದೆ. ಮೇಲಿನ ಪದರ ಒಣಗಿದ ಮೇಲೆ ಒಳಗಿನ ಹಸಿ ಸುಲಭಕ್ಕೆ ಆರುವುದಿಲ್ಲ. ಹಾಗಾಗಿ ಮಳೆ ತೀರಾ ಕಡಿಮೆ ಇರುವ ಕಡೆ ಬೇರು ಆಳಕ್ಕೆ ಹೋಗುವ ಪೊದೆ-ಮರಗಳಿಗೆ ಜೇಡಿಗಿಂತ ಮರಳೇ ವಾಸಿ. ನಮ್ಮ ಉತ್ತರ ಕರ್ನಾಟಕದ ರೈತರಿಗೆ ಇದು ಹೊಸದಲ್ಲ. ಮಸಾರಿ (ಕೆಂಪು ಮಣ್ಣಿನ) ಹೊಲ ಸಣ್ಣ ಮಳೆಗೂ ಹದಕ್ಕೆ ಬರುತ್ತದೆ, ಎರಿ (ಕಪ್ಪು ಮಣ್ಣಿನ) ಹೊಲ ಚೆನ್ನಾಗಿ ನೆನೆಯಬೇಕು. 'ಹಸಿ', 'ಹದ' ಬಳಸಿ. 'ತೇವಾಂಶ' ಬೇಡ.

ದಿಬ್ಬಕ್ಕೆ 'ನೆಲೆನಿಂತ ದಿಬ್ಬ', ಇನ್ನೊಂದು ಬಗೆಗೆ 'ಸರಿಯುವ ದಿಬ್ಬ'. 'ಸ್ಥಿರ' ಅಂದರೆ ಎಂದೆಂದಿಗೂ ಕದಲದು ಅನ್ನಿಸುತ್ತದೆ. ಹಾಗಿಲ್ಲ. ಒಂದು ವರ್ಷದ ಬರವನ್ನು ಅದು ತಡೆದುಕೊಳ್ಳಬಹುದು. ಬರದ ಮೇಲೆ ಬರ ಬಂದು, ಮೇವು ಪೂರಾ ಮೇಯಿಸಿ, ಫೋಗ್ ಬೇರನ್ನೂ ಸೌದೆಗೆ ಕಿತ್ತರೆ ಮರಳು ಏಳುತ್ತದೆ. ಒಮ್ಮೆ ಎದ್ದರೆ, ಮುಂದಿನ ಒಳ್ಳೆ ಮಳೆಗಾಲವೊಂದೇ ಅದನ್ನು ನಿಲ್ಲಿಸಲಾರದು. ಮೊಳಕೆಗಳನ್ನು ಮರಳೇ ಹೂತುಹಾಕುತ್ತದೆ. ಅದಕ್ಕೇ ಗಾಳಿಗೆ ಅಡ್ಡವಾಗಿ ಒಣಕಡ್ಡಿಯ ಸಾಲು ನೆಟ್ಟು, ಆಮೇಲೆ ಗಿಡ ಹಾಕುತ್ತಾರೆ. ಜೋಧ್‌ಪುರದಲ್ಲಿ ಇಂಥ ಕೆಲಸಕ್ಕಾಗಿಯೇ 1952ರಲ್ಲಿ ಸಂಶೋಧನಾ ಕೇಂದ್ರ ಶುರುವಾಯಿತು.

* * *

'ಸಸ್ಯ' ಒಪ್ಪುವುದಿಲ್ಲ. ಸೇವಣ, ಫೋಗ್, ಖೇಜ್ರಿ ಎಲ್ಲವೂ ಎರವಲು. ಖೇಜ್ರಿ ಅಂದರೆ ನಮ್ಮ ಬನ್ನಿ. ದಸರೆಗೆ ಪೂಜಿಸುವ ಮರಕ್ಕೆ ಹೊರಗಿನ ಹೆಸರು ಯಾಕೆ?

* * *

ಬನ್ನಿ ಸರಿ, ಅದನ್ನೇ ಬರೆಯಿರಿ. 'ಗಿಡ-ಹುಲ್ಲಿನ ಹೊದಿಕೆ' ಅಂದರೂ ನನಗೆ ತಕರಾರಿಲ್ಲ. ಸೇವಣ, ಫೋಗ್ ಹಾಗೇ ಇರಲಿ, ಸುಮ್ನೆ ಹೆಸರು ಹುಟ್ಟಿಸಬೇಡಿ. ಮಳೆಯಾಧಾರದ ಒಣಭೂಮಿಗೆ ಅನ್ನುವ 'ಖುಷ್ಕಿ' ಫಾರ್ಸಿಯಿಂದ ಬಂದದ್ದು, ನಮ್ಮ ಪಹಣಿಯಲ್ಲೇ ಕೂತಿದೆ. ಯಾವ ರೈತನಿಗೂ ಅದರಿಂದ ತೊಂದರೆಯಾಗಿಲ್ಲ. ಬಳ್ಳಾರಿ ಜಾಲಿ ನೋಡಿ. ಅಮೆರಿಕ ಖಂಡದ ಗಿಡ, ಥಾರ್‌ನಲ್ಲೂ ಹಬ್ಬಿದೆ. ಅಲ್ಲಿಯವರು ಅದನ್ನು ಇವತ್ತಿಗೂ 'ವಿಲಾಯತಿ' ಅನ್ನುತ್ತಾರೆ. ಹೊರಗಿನದು ಅಂತ ಆ ಹೆಸರೇ ಹೇಳುತ್ತದೆ. ನಮ್ಮ ಅಚ್ಚ ಊರಿನ ಹೆಸರು ಅದನ್ನು ಮರೆಸಿಬಿಟ್ಟಿತು.

ಫಲಕಕ್ಕೆ ಇಷ್ಟು ಹಾಕಿ: "ಮಳೆ ಬಂದರೆ ಸಣ್ಣ ಹುಲ್ಲು ಕೆಲವೇ ದಿನಗಳಲ್ಲಿ ಏಳುತ್ತದೆ. ಮರಳನ್ನು ಹಿಡಿಯುವ ಹೊದಿಕೆ ಬೆಳೆಯಲು ವರ್ಷಗಳೇ ಬೇಕು." ಪಕ್ಕದಲ್ಲಿ ಒಂದೇ ದಿಬ್ಬದ ಎರಡು ಚಿತ್ರ ಇರಲಿ, ಮೇ ತಿಂಗಳದ್ದೊಂದು, ಆಗಸ್ಟ್‌ನದೊಂದು.