ಮಳೆ ಹಿಡಿದ ಮೇಲೆ ಬೆಕ್ಕು ಟ್ರೇ ಬಿಟ್ಟು ಗೋಣಿಚೀಲದ ಮೇಲೆ ಹೊಯ್ಯುತ್ತಿದೆ, ಏನ್ ಮಾಡೋದು?

ತುಂಗಾತೀರ: ನಮ್ಮದು ತೀರ್ಥಹಳ್ಳಿ ಹತ್ತಿರ ತೋಟದ ಮನೆ. ಎರಡು ಬೆಕ್ಕು, ಒಂದು ಗಂಡು, ಒಂದು ಹೆಣ್ಣು. ಬೇಸಿಗೆಯಲ್ಲಿ ತೋಟದಲ್ಲೇ ಮುಗಿಸಿಕೊಂಡು ಬರುತ್ತಿದ್ದವು. ಮಳೆಗಾಲಕ್ಕೆ ಅಂತ ಬಚ್ಚಲುಮನೆ ಮೂಲೆಯಲ್ಲಿ ಲಿಟರ್ ಟ್ರೇ (ಬೆಕ್ಕು ಹೊಯ್ಯಲು ಲಿಟರ್ ಅನ್ನೋ ಹೀರುವ ಹರಳು ತುಂಬಿದ ತಟ್ಟೆ) ಇಟ್ಟಿದ್ದೇವೆ. ಹೆಣ್ಣು ಸರಿಯಾಗಿ ಹೋಗುತ್ತದೆ. ಗಂಡು ಮಾತ್ರ ಟ್ರೇ ಮೂಸಿ, ಒಂದು ಕಾಲು ಒಳಗಿಟ್ಟು, ಕೊಡವಿಕೊಂಡು, ಸೀದಾ ಅಟ್ಟ ಹತ್ತಿ ಅಡಿಕೆ ಗೋಣಿಚೀಲದ ಮೇಲೆ ಕೂರುತ್ತದೆ. ನಿನ್ನೆ ಅಪ್ಪನ ಕಂಬಳಿಗೂ ಆಯಿತು. ಮನೆಯಲ್ಲಿ ದೊಡ್ಡ ಗಲಾಟೆ.

ಸಾಗರದವ: ತೋಟ ಇಟ್ಟುಕೊಂಡು ಟ್ರೇ ಯಾಕೆ ಮಾರಾಯ್ರೇ? ಹೊರಗೆ ಹಾಕಿ ಬಾಗಿಲು ಮುಚ್ಚಿ. ಒಳಗೆ ಹೊಯ್ದರೆ ಮೂತಿ ಹಿಡಿದು ಅಲ್ಲೇ ಉಜ್ಜಿ. ಎಲ್ಲಾ ಹಟ ಅದು.

ಕರಿಬೆಕ್ಕು: ಮೂತಿ ಉಜ್ಜಿದರೆ ನಿಮ್ಮನ್ನು ಕಂಡು ಹೆದರೋದು ಕಲಿಯುತ್ತದೆ, ಟ್ರೇ ಕಲಿಯಲ್ಲ. ಆಮೇಲೆ ಮಂಚದಡಿ ಕದ್ದು ಹೊಯ್ಯುತ್ತದೆ ಅಷ್ಟೇ. ತುಂಗಾತೀರ, ಮೊದಲು ಇದು ಹೇಳಿ: ಕೂತು ಹೊಯ್ಯುತ್ತದಾ, ಇಲ್ಲ ನಿಂತು ಬಾಲ ನಡುಗಿಸಿ ಗೋಡೆಗೆ ಚಿಮ್ಮಿಸುತ್ತದಾ? ಚಿಮ್ಮಿಸಿದರೆ ಅದು ಗುರುತು ಹಾಕೋದು, ಮರಿ ಆಗದ ಹಾಗೆ ಆಪರೇಷನ್ ಮಾಡಿಸಿದರೆ ಹೆಚ್ಚಿನ ಗಂಡುಬೆಕ್ಕುಗಳು ಬಿಡುತ್ತವೆ. ಪದೇ ಪದೇ ಕೂತು ತಿಣುಕಿ ಹನಿ ಹನಿ ಬರುತ್ತಿದ್ದರೆ, ಅಥವಾ ಏನೂ ಬರದಿದ್ದರೆ, ಮೂತ್ರದ ದಾರಿ ಕಟ್ಟಿರಬಹುದು. ಗಂಡುಬೆಕ್ಕಿಗೆ ಇದು ಜಾಸ್ತಿ. ಪೂರ್ತಿ ಕಟ್ಟಿದರೆ ಎರಡು ಮೂರು ದಿನದಲ್ಲಿ ಜೀವವೇ ಹೋಗಬಹುದು, ಹಾಗಿದ್ದರೆ ಇದನ್ನು ಓದುತ್ತಾ ಕೂರಬೇಡಿ, ಈಗಲೇ ಡಾಕ್ಟರ ಹತ್ತಿರ ಹೊರಡಿ.

ತುಂಗಾತೀರ: ಇಲ್ಲಪ್ಪ, ಕೂತೇ ಹೊಯ್ಯುತ್ತದೆ, ಚೀಲ ನೆನೆಯುವಷ್ಟು. ಊಟ, ಆಟ ಎಲ್ಲಾ ಸರಿ ಇದೆ. ಆಪರೇಷನ್ ಹೋದ ವರ್ಷವೇ ಆಗಿದೆ.

ಕರಿಬೆಕ್ಕು: ಸದ್ಯ. ಆದರೂ ಶಿವಮೊಗ್ಗಕ್ಕೆ ಹೋದಾಗ ವೆಟರ್ನರಿ ಕಾಲೇಜಿನಲ್ಲಿ ಒಮ್ಮೆ ತೋರಿಸಿ, ಸೋಂಕು ಇದ್ದರೂ ಟ್ರೇ ಕಂಡರೆ ಆಗಲ್ಲ. ಟ್ರೇ ಯಾವುದರಿಂದ ತೊಳೆಯುತ್ತೀರಿ?

ತುಂಗಾತೀರ: ಅಮ್ಮ ಬಚ್ಚಲಿನ ಜೊತೆ ಅದಕ್ಕೂ ಫಿನಾಯಿಲ್ ಹಾಕುತ್ತಾರೆ.

ಕರಿಬೆಕ್ಕು: ಅದನ್ನು ಇವತ್ತೇ ನಿಲ್ಲಿಸಿ. ಆ ವಾಸನೆ ನಮ್ಮ ಮೂಗಿಗೇ ಬಡಿಯುತ್ತದೆ, ಇನ್ನು ಬೆಕ್ಕಿಗೆ ಹೇಗಿರಬೇಡ? ಫೀನಾಲ್ ಇರುವ ದ್ರಾವಣ ಬೆಕ್ಕಿಗೆ ವಿಷ ಬೇರೆ, ಅದರ ಲಿವರ್‌ಗೆ ಅದನ್ನು ಹೊರಹಾಕೋ ಶಕ್ತಿ ಕಡಿಮೆ, ಕಾಲಿಗೆ ಅಂಟಿದ್ದನ್ನು ನೆಕ್ಕಿಕೊಳ್ಳುತ್ತದೆ. ಬಿಸಿನೀರು, ಚೂರು ಸೋಪು ಸಾಕು. ಬಚ್ಚಲಿನ ಒದ್ದೆ ನೆಲವೂ ಬೇಡ. ಎರಡು ಬೆಕ್ಕಿಗೆ ಮೂರು ಟ್ರೇ ಇಡಿ, ಒಂದೇ ಸಾಲಿನಲ್ಲಲ್ಲ, ಬೇರೆ ಬೇರೆ ಕಡೆ. ಹೆಣ್ಣು ದಾರಿಗೆ ಅಡ್ಡ ಕೂತರೆ ಗಂಡು ಒಳಗೇ ಹೋಗಲ್ಲ.

ಹೊಸನಗರ ಹೊಳೆ: ಮೂರು ಟ್ರೇಗೂ ಅಂಗಡಿ ಲಿಟರ್ ತುಂಬಿದರೆ ಅಡಿಕೆ ದುಡ್ಡೆಲ್ಲ ಬೆಕ್ಕಿಗೇ! ನಮ್ಮಲ್ಲಿ ಬಚ್ಚಲೊಲೆ ಬೂದಿ ಹಾಕುತ್ತೇವೆ. ಬೆಕ್ಕೇ ಹುಡುಕಿಕೊಂಡು ಹೋಗುತ್ತದೆ.

ಕರಿಬೆಕ್ಕು: ಬೂದಿ ಒದ್ದೆಯಾದರೆ ಕ್ಷಾರ ಬಿಡುತ್ತದೆ, ಪಾದ ಉರಿಯುತ್ತದೆ. ಒಳಗೆ ಕೆಂಡ ಉಳಿದಿದ್ದರೆ ಇನ್ನೂ ಕಷ್ಟ. ಸಣ್ಣ ಮರಳು ವಾಸಿ.

ಹೊಸನಗರ ಹೊಳೆ: ಆಷಾಢದಲ್ಲಿ ಒಣ ಮರಳು ನೀವು ತಂದುಕೊಡುತ್ತೀರಾ? ಆರಿದ ಬೂದಿ ಜರಡಿ ಹಿಡಿದು ದಿನಾ ಬದಲಾಯಿಸಿದರೆ ಏನೂ ಆಗಲ್ಲ. ನಮ್ಮ ಬೆಕ್ಕುಗಳ ಕಾಲೆಲ್ಲ ನೆಟ್ಟಗೇ ಇದೆ.

ಮಿಲ್ ಹುಡುಗ: ನಮ್ಮ ಸಾಮಿಲ್‌ನ ಮರದ ಹೊಟ್ಟು ಹಾಕಿ ಸ್ವಾಮಿ. ಧೂಳು ಜರಡಿ ಹಿಡಿದು ತೆಗೆದುಬಿಡಿ. ಆದರೆ ಅದಕ್ಕೆ ಗೋಣಿಯೇ ಇಷ್ಟ ಅಂದರೆ ಗೋಣಿಯನ್ನೇ ಕೊಡಿ. ಟ್ರೇ ತಳಕ್ಕೆ ಗೋಣಿ ತುಂಡು ಹಾಸಿ, ಮೇಲೆ ಒಂದು ಹಿಡಿ ಹೊಟ್ಟು ಉದುರಿಸಿ. ದಿನಾ ಸ್ವಲ್ಪ ಸ್ವಲ್ಪ ಜಾಸ್ತಿ ಮಾಡಿ, ಗೋಣಿ ಚಿಕ್ಕದು ಮಾಡುತ್ತಾ ಹೋಗಿ.

ಸಾಗರದವ: ಬೆಕ್ಕಿಗೆ ಹಾಸಿಗೆ ಹಾಸೋದೊಂದು ಬಾಕಿ ಇತ್ತು.

ತುಂಗಾತೀರ: ಅಟ್ಟದಲ್ಲಿ ಗೋಣಿ ಟ್ರೇ ಇಟ್ಟೆ, ಬೆಳಿಗ್ಗೆ ಅದರಲ್ಲೇ ಹೊಯ್ದಿದೆ. ಹೊಟ್ಟು ಇನ್ನೂ ಹಾಕಿಲ್ಲ. ಕಂಬಳಿ ಒಗೆಯಲು ಅಪ್ಪ ಬಿಡುತ್ತಿಲ್ಲ, ಈ ಮಳೆಯಲ್ಲಿ ಒಣಗಲ್ಲ ಅಂತ.

ಕರಿಬೆಕ್ಕು: ಒಗೆಯಲೇಬೇಕು, ವಾಸನೆ ಉಳಿದರೆ ಮತ್ತೆ ಅಲ್ಲೇ ಬರುತ್ತದೆ. ಮೂತ್ರದ ವಾಸನೆ ಒಡೆಯುವ ಎನ್‌ಜೈಮ್ ಇರುವ ಕ್ಲೀನರ್ ಸಿಕ್ಕರೆ ಅದರಲ್ಲಿ ನೆನೆಸಿಡಿ.

ಹೊಸನಗರ ಹೊಳೆ: ಒಗೆದು ಬಚ್ಚಲೊಲೆ ಮೇಲಿನ ಬಿದಿರಿಗೆ ಹಾಕಿ, ಬಿಸಿಗೆ ಒಣಗುತ್ತದೆ. ಬೂದಿ ಹೇಗೂ ಸಿಗುತ್ತದೆ, ಬೇಡ ಅಂದವರಿಗೆ ಬೇಡ.