ಹಳೆ ಪುಸ್ತಕ: ಎಲ್ಲಿ ಹುಡುಕುವುದು, ಏನು ನೋಡಿ ಕೊಳ್ಳುವುದು, ಮನೆಗೆ ತಂದಮೇಲೆ ಏನು ಮಾಡುವುದು?

ಮಹಡಿಮನೆ_ಇಬ್ಬರು ಕೇಳಿದ್ದು:

ಬೆಂಗಳೂರು, ಬಸವನಗುಡಿ ಕಡೆ ಒಂದೇ ಬೆಡ್‌ರೂಮಿನ ಬಾಡಿಗೆ ಮನೆ. ಗಂಡ ಹೆಂಡತಿ ಇಬ್ಬರಿಗೂ ಬಿಡುವು ಭಾನುವಾರ ಮಾತ್ರ. ಓದುವುದು ಹಗುರವಾದ್ದೇ: ಪತ್ತೇದಾರಿ, ಹರಟೆ, ಪ್ರವಾಸ ಕಥನ, ಹಳೆಯ ವಾರಪತ್ರಿಕೆಗಳು. ತಿಂಗಳಿಗೆ ಸಾವಿರ ರೂಪಾಯಿ ಮೀರಬಾರದು ಅಂತ ಒಪ್ಪಂದ. ಗೊತ್ತಿರುವವರು ಸ್ವಲ್ಪ ವಿವರವಾಗಿ ಹೇಳಿ. ಕನ್ನಡದ ಹಳೆ ಪುಸ್ತಕಕ್ಕೆ ಎಲ್ಲಿಗೆ ಹೋಗಬೇಕು? ಫುಟ್‌ಪಾತಿನಲ್ಲಿ ನಿಂತು ಎರಡು ನಿಮಿಷದಲ್ಲಿ ಏನೇನು ನೋಡಿಬಿಡಬೇಕು? ಹುಳು ಬಿದ್ದ ಪುಸ್ತಕದಿಂದ ಮಿಕ್ಕ ಪುಸ್ತಕಕ್ಕೂ ಹಬ್ಬುತ್ತದಾ? ಗೋಡೆಗೆ ಮೊಳೆ ಹೊಡೆಯಲು ಓನರ್ ಬಿಡುವುದಿಲ್ಲ, ಹಾಗಾದರೆ ಎಂಥ ಕಪಾಟು ಸರಿ?

ರದ್ದಿ_ರಾಶಿ:

ಹಳೆ ಪುಸ್ತಕ ಅಂದರೆ ಎಲ್ಲರೂ ಅವೆನ್ಯೂ ರೋಡಿಗೆ ಕಳಿಸುತ್ತಾರೆ. ಮೈಸೂರು ಬ್ಯಾಂಕ್ ಸರ್ಕಲ್ಲಿನಿಂದ ಮಾರ್ಕೆಟ್ ಕಡೆ ನಡೆದರೆ ಸಿಗುವುದು ಬಹುಪಾಲು ಪಿಯುಸಿ, ಸಿಇಟಿ, ಇಂಜಿನಿಯರಿಂಗ್ ಪುಸ್ತಕ. ಕಾಲೇಜು ಶುರುವಾಗುವ ಜೂನ್, ಜುಲೈನಲ್ಲಂತೂ ಕಾದಂಬರಿ ಕೇಳಿದರೆ ಅಂಗಡಿಯವರಿಗೆ ತಲೆ ಎತ್ತುವ ಪುರುಸೊತ್ತೂ ಇರುವುದಿಲ್ಲ. ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಸಂಡೇ ಬಜಾರ್‌ಗೆ ಹೋಗುವುದಾದರೆ ಬೆಳಿಗ್ಗೆ ಬೇಗ ಹೋಗಿ. ಹಿತ್ತಾಳೆ ಸಾಮಾನು, ಹಳೆ ರೇಡಿಯೊ, ಉಪಕರಣಗಳ ನಡುವೆ ಪುಸ್ತಕದ ಗುಡ್ಡೆಯೂ ಇರುತ್ತದೆ, ಬಿಸಿಲೇರುವ ಹೊತ್ತಿಗೆ ಅದರಲ್ಲಿನ ಒಳ್ಳೆಯದನ್ನು ವ್ಯಾಪಾರಿಗಳೇ ಎತ್ತಿಕೊಂಡಿರುತ್ತಾರೆ. ಚರ್ಚ್ ಸ್ಟ್ರೀಟಿನ ಬ್ಲಾಸಮ್, ಬುಕ್‌ವರ್ಮ್, ಬ್ರಿಗೇಡ್ ರಸ್ತೆಯ ಪಕ್ಕದ ಗಲ್ಲಿಯಲ್ಲಿ 1945ರಿಂದ ಇರುವ ಸೆಲೆಕ್ಟ್, ಈ ಮೂರೂ ನೋಡಬೇಕಾದವೇ. ಆದರೆ ಅಲ್ಲಿ ಇಂಗ್ಲಿಷ್ ಪಾಲೇ ಹೆಚ್ಚು.

ಕನ್ನಡದ ಹಗುರ ಓದಿಗೆ ನಿಜವಾದ ಗಣಿ ನಿಮ್ಮ ಬಡಾವಣೆಯ ಹಳೆ ಪೇಪರ್ ಅಂಗಡಿ. ಬಸವನಗುಡಿ, ಗಾಂಧಿಬಜಾರ್, ಹನುಮಂತನಗರ, ಜಯನಗರದಲ್ಲಿ ಎರಡು ಮೂರು ತಲೆಮಾರು ಓದಿದ ಮನೆಗಳಿವೆ. ಅಂಥ ಮನೆ ಖಾಲಿಯಾದಾಗಲೋ, ಅಪಾರ್ಟ್‌ಮೆಂಟ್ ಕಟ್ಟಲು ಒಡೆದಾಗಲೋ ಪುಸ್ತಕ ನೇರ ತಕ್ಕಡಿಗೆ ಬರುತ್ತದೆ. ಯುಗಾದಿಗೆ ಮುಂಚೆ, ದಸರೆಗೆ ಮುಂಚೆ, ಪರೀಕ್ಷೆ ಮುಗಿದ ಏಪ್ರಿಲ್, ಮೇ, ಜೊತೆಗೆ ಮನೆ ಬದಲಿಸುವ ತಿಂಗಳ ಕೊನೆ: ಇವೇ ಸುಗ್ಗಿಯ ಕಾಲ. ಅಂಗಡಿಯವರಿಗೆ ಒಂದೇ ಮಾತು ಹೇಳಿಡಿ: "ಅಣ್ಣಾ, ಕನ್ನಡ ಪುಸ್ತಕ ಬಂದರೆ ಒಂದು ವಾರ ಎತ್ತಿಡಿ, ಕೆಜಿ ರೇಟಿಗಿಂತ ಜಾಸ್ತಿ ಕೊಡ್ತೀವಿ." ಹೇಳಿದ ಮೇಲೆ ಪ್ರತಿ ವಾರ ಹೋಗಬೇಕು. ಎರಡು ವಾರ ಮುಖ ತೋರಿಸದಿದ್ದರೆ ಗಂಟು ಗೋಡೌನಿಗೆ ಹೋಗಿರುತ್ತದೆ, ಅದಕ್ಕೆ ಅವರನ್ನು ದೂರುವ ಹಾಗಿಲ್ಲ.

ಬೆಲೆಯ ಲೆಕ್ಕ ಹೀಗೆ. ಹೊಸ ಕನ್ನಡ ಪುಸ್ತಕವೇ ಈಗ ಹೆಚ್ಚುಕಡಿಮೆ ಪುಟಕ್ಕೊಂದು ರೂಪಾಯಿ. ಮಾರುಕಟ್ಟೆಯಲ್ಲಿ ಹೊಸದಾಗಿ ಸಿಗುವ ಪುಸ್ತಕದ ಹಳೆ ಪ್ರತಿಗೆ ಅದರ ಅರ್ಧ ಬೆಲೆ ಮೀರಿ ಕೊಡಬೇಡಿ. ಮರುಮುದ್ರಣವಾಗದ ಹರಟೆ, ಪ್ರವಾಸ ಕಥನಕ್ಕೆ ಮಾತ್ರ ಕೈ ಸಡಿಲಿಸಿ, ಅವು ಸಿಗುವುದೇ ಅದೃಷ್ಟ. ಒಳಗೆ ಅಚ್ಚಾದ "ಬೆಲೆ: ರೂ. 6-50" ತೋರಿಸಿ ಚೌಕಾಸಿ ಮಾಡಿದರೆ ಯಾರೂ ಮರ್ಯಾದೆ ಕೊಡುವುದಿಲ್ಲ.

ಸಿಗ್ನಲ್‌ಗಳಲ್ಲಿ ಮಾರುವ "ಬೆಸ್ಟ್ ಸೆಲ್ಲರ್" ಬೇಡ. ಹಿಂದಿನ ಪುಟದ ಅಕ್ಷರ ಮುಂದಕ್ಕೆ ಕಾಣುವ ತೆಳು ಕಾಗದ, ವಾಲಿದ ಅಂಚು, ಫೋಟೊ ಇರಬೇಕಾದಲ್ಲಿ ಕಪ್ಪು ಮಸಿ ಇದ್ದರೆ ಅದು ಕಳ್ಳ ಮುದ್ರಣ.

ಪ್ರತಿಗಳು_ಸಾವಿರ:

ಎರಡು ನಿಮಿಷದ ತಪಾಸಣೆ ಹೇಳುತ್ತೇನೆ. ಮೊದಲು ಹಿಂದಿನಿಂದ ಶುರುಮಾಡಿ, ಕೊನೆಯ ಪುಟ ಇದೆಯಾ ನೋಡಿ. ಪತ್ತೇದಾರಿ ಕಾದಂಬರಿಯಲ್ಲಿ ಕೊನೆಯ ನಾಲ್ಕು ಪುಟ ಇಲ್ಲ ಅನ್ನುವುದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ!

ಆಮೇಲೆ ಫಾರ್ಮ್ ಎಣಿಸಿ, ಅಂದರೆ ಒಂದೇ ದೊಡ್ಡ ಹಾಳೆಯಲ್ಲಿ ಅಚ್ಚು ಹಾಕಿ ಮಡಚಿದ ಪುಟಗಳ ಕಟ್ಟು. ಡೆಮಿ 1/8 ಅಳತೆಯ, ಅಂದರೆ ಸುಮಾರು ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಎತ್ತರದ ಪುಸ್ತಕದಲ್ಲಿ ಸಾಮಾನ್ಯವಾಗಿ 16 ಪುಟಕ್ಕೆ ಒಂದು ಫಾರ್ಮ್. ಹಾಗಾಗಿ ತಪ್ಪಾದರೆ ಒಂದು ಹಾಳೆಯಲ್ಲ, ಇಡೀ ಫಾರ್ಮೇ ತಪ್ಪುತ್ತದೆ: 48 ಆದಮೇಲೆ 65 ಬರುತ್ತದೆ, ಇಲ್ಲವೇ 33ರಿಂದ 48 ಎರಡು ಸಲ ಬರುತ್ತದೆ. ಹಳೆ ಪುಸ್ತಕಗಳಲ್ಲಿ ಪ್ರತಿ ಫಾರ್ಮಿನ ಮೊದಲ ಪುಟದ ಕೆಳಮೂಲೆಯಲ್ಲಿ 2, 3, 4 ಎಂದು ಸಣ್ಣ ಅಂಕಿ ಇರುತ್ತದೆ. ಬೈಂಡರ್‌ಗೆಂದು ಹಾಕಿದ ಗುರುತು ಅದು. ಆ ಅಂಕಿಗಳನ್ನಷ್ಟೇ ಹಿಡಿದು ಹಾಳೆ ಹಾರಿಸಿದರೆ ಅರ್ಧ ನಿಮಿಷದಲ್ಲಿ ಪುಸ್ತಕ ಪೂರ್ತಿ ಇದೆಯೋ ಇಲ್ಲವೋ ತಿಳಿಯುತ್ತದೆ. ಮುನ್ನುಡಿಯ ಪುಟಗಳಿಗೆ ಬೇರೆ ಸಂಖ್ಯೆ ಇದ್ದರೆ ಲೆಕ್ಕ ಸ್ವಲ್ಪ ಸರಿಯುತ್ತದೆ, ಗಾಬರಿಯಾಗಬೇಡಿ.

ಇಸವಿ ಅಚ್ಚಾಗಿರದ ಪುಸ್ತಕದ ಕಾಲ ಊಹಿಸಲು ದಾರಿಗಳಿವೆ. ಬೆಲೆ ರೂಪಾಯಿ-ಆಣೆಯಲ್ಲಿದ್ದರೆ ಬಹುಮಟ್ಟಿಗೆ 1957ರ ಏಪ್ರಿಲ್‌ಗಿಂತ ಹಿಂದಿನದು. ನಯೆ ಪೈಸೆ ಎಂದಿದ್ದರೆ 1957ರಿಂದ 64ರ ನಡುವಿನದು. ಪ್ರಕಾಶಕರ ವಿಳಾಸ "ಬೆಂಗಳೂರು-4" ಎಂದಷ್ಟೇ ಇದ್ದರೆ ಹಳೆಯದಿರಬಹುದು, ಆದರೆ ಆ ರೂಢಿ ಬಹಳ ಕಾಲ ಉಳಿದಿತ್ತು, ಹಾಗಾಗಿ ಅದನ್ನೇ ನಂಬಬೇಡಿ. "560 004" ಎಂದು ಆರಂಕಿ ಇದ್ದರೆ ಮಾತ್ರ ಖಚಿತ: ಪಿನ್‌ಕೋಡ್ ಬಂದದ್ದೇ 1972ರ ಆಗಸ್ಟ್ 15ಕ್ಕೆ, ಅದಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ. 13 ಅಂಕಿಯ ಐಎಸ್‌ಬಿಎನ್ 2007ರಿಂದ ಈಚೆಗೆ. ಇನ್ನು ಕೈಬೆರಳಿನ ಪರೀಕ್ಷೆ: ಹಾಳೆಯ ಹಿಂಬದಿ ಸವರಿದಾಗ ಅಕ್ಷರ ಉಬ್ಬಿದ್ದು ತಿಳಿದರೆ ಲೋಹದ ಅಚ್ಚುಮೊಳೆ (ಬಿಡಿ ಅಕ್ಷರ) ಜೋಡಿಸಿ ಮುದ್ರಿಸಿದ್ದು, ನುಣ್ಣಗಿದ್ದರೆ ಈಚಿನ ಆಫ್‌ಸೆಟ್ ಮುದ್ರಣ.

"ಮೊದಲ ಮುದ್ರಣ, ಪ್ರತಿಗಳು: 1000" ಎಂದು ಕಂಡ ತಕ್ಷಣ ಕುಣಿಯಬೇಡಿ. ಓದುವವರಿಗೆ ಪರಿಷ್ಕೃತ ಮುದ್ರಣವೇ ಎಷ್ಟೋ ಸಲ ಮೇಲು, ಅಚ್ಚಿನ ತಪ್ಪು ಕಡಿಮೆ ಇರುತ್ತದೆ. ಲೇಖಕರ ಸಹಿ ಇದ್ದರೆ ಹಾಳೆಯನ್ನು ಬೆಳಕಿಗೆ ಓರೆ ಹಿಡಿಯಿರಿ. ಪೆನ್ನು ಒತ್ತಿದ ಗೆರೆ ಅಥವಾ ಶಾಯಿ ಹೀರಿಕೊಂಡ ಗುರುತು ಕಾಣಬೇಕು. ಎಲ್ಲ ಕಡೆ ಒಂದೇ ಕಪ್ಪು ಇದ್ದರೆ ಅಚ್ಚು ಹಾಕಿದ ಸಹಿ. ಗ್ರಂಥಾಲಯದ ಮೊಹರು ಇದ್ದು, "ರದ್ದುಪಡಿಸಲಾಗಿದೆ" ಎಂಬ ಇನ್ನೊಂದು ಮೊಹರು ಇಲ್ಲದಿದ್ದರೆ ಆ ಪುಸ್ತಕವನ್ನು ಅಲ್ಲೇ ಬಿಟ್ಟುಬಿಡುವುದು ಒಳ್ಳೆಯದು.

ಅಕ್ಸೆಷನ್_ನಂಬರ್:

ಹುಳುವಿನ ಪ್ರಶ್ನೆಗೆ ಉತ್ತರ: ಹೌದು, ಹಬ್ಬುತ್ತದೆ. ಆದರೆ ಯಾವ ಹುಳು ಅನ್ನುವುದು ಮುಖ್ಯ. ಹಾಳೆಯ ಮೇಲ್ಪದರವನ್ನು ಅಡ್ಡಾದಿಡ್ಡಿ ಕೆರೆದ ಹಾಗಿದ್ದರೆ ಸಿಲ್ವರ್‌ಫಿಶ್. ಅದು ಅಂಟು, ಗಂಜಿ ತಿನ್ನಲು ಬರುತ್ತದೆ, ಕತ್ತಲೆ ಮತ್ತು ತೇವ ಎರಡೂ ಬೇಕು ಅದಕ್ಕೆ. ಗುಂಡುಸೂಜಿಯ ತಲೆಯಷ್ಟು ದುಂಡು ತೂತು ರಟ್ಟಿನಿಂದ ಹತ್ತಾರು ಹಾಳೆ ದಾಟಿ ಹೋಗಿದ್ದರೆ ಜೀರುಂಡೆ ಜಾತಿಯ ಮರಿಹುಳು. ತೂತು ಹಳೆಯದಿದ್ದರೆ ಚಿಂತೆಯಿಲ್ಲ. ಬಿಳಿ ಹಾಳೆಯ ಮೇಲೆ ಪುಸ್ತಕ ತಟ್ಟಿ, ನಯವಾದ ಪುಡಿ ಉದುರಿದರೆ, ಒರೆಸಿಟ್ಟು ಒಂದು ವಾರ ಬಿಟ್ಟು ಮತ್ತೆ ತಟ್ಟಿದಾಗಲೂ ಉದುರಿದರೆ, ಒಳಗೆ ಜೀವ ಇರುವ ಸಾಧ್ಯತೆ ಹೆಚ್ಚು. ಮಣ್ಣು ಅಂಟಿದ ಪುಸ್ತಕ ಗೆದ್ದಲಿನ ಮನೆಯಿಂದ ಬಂದದ್ದು, ಕೊಳ್ಳಲೇಬೇಡಿ.

ತಂದ ಪುಸ್ತಕವನ್ನು ಸೀದಾ ಕಪಾಟಿಗೆ ಸೇರಿಸಬೇಡಿ. ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬದಲ್ಲಿ ಎರಡು ವಾರ ಬೇರೆ ಇಡಿ. ಹುಳು ಖಚಿತವಾದರೆ ಫ್ರೀಜರ್ ಮದ್ದು: ಪುಸ್ತಕ ಒಣಗಿರಬೇಕು, ಜಿಪ್ ಕವರಿನಲ್ಲಿ ಹಾಕಿ ಗಾಳಿ ಒತ್ತಿ ತೆಗೆದು ಮುಚ್ಚಿ, ಮೈನಸ್ 18 ಡಿಗ್ರಿಯಲ್ಲಿ ಎರಡು ವಾರ ಇಡಬೇಕು. ಒಂದೇ ಬಾಗಿಲಿನ ಸಣ್ಣ ಫ್ರಿಜ್ಜಿನ ಐಸ್ ಗೂಡು ಅಷ್ಟು ತಣ್ಣಗಾಗದೇ ಇರಬಹುದು, ಒಂದು ಥರ್ಮಾಮೀಟರ್ ಇಟ್ಟು ನೋಡಿಕೊಳ್ಳಿ. ಹೊರಗೆ ತೆಗೆದ ಮೇಲೆ ಪೂರ್ತಿ ಒಂದು ದಿನ ಕವರ್ ಬಿಚ್ಚಬಾರದು. ಆತುರಪಟ್ಟು ಬಿಚ್ಚಿದರೆ ಗಾಳಿಯ ತೇವ ಹಾಳೆಯ ಮೇಲೇ ನೀರಾಗಿ ಕೂರುತ್ತದೆ, ಕವರ್ ಮುಚ್ಚಿದ್ದರೆ ಹೊರಗಡೆ ಕೂರುತ್ತದೆ. ಬಟಾಣಿ, ತೆಂಗಿನತುರಿ ಪಕ್ಕ ಪುಸ್ತಕ ಕಂಡು ಮನೆಗೆ ಬಂದ ಹಿರಿಯರು ಏನಾದರೂ ಅಂದರೆ ನೀವಿಬ್ಬರೂ ಒಂದೇ ಉತ್ತರ ಹೇಳಿಕೊಳ್ಳಿ.

ಬೂಷ್ಟು ಬಂದಿದ್ದರೆ ಎನ್-95 ಮಾಸ್ಕ್ ಹಾಕಿ, ಬಾಲ್ಕನಿಯ ನೆರಳಲ್ಲಿ, ಒಣಗಿದ ಮೆತ್ತನೆ ಬ್ರಷ್‌ನಿಂದ ಬೆನ್ನಿನ ಕಡೆಯಿಂದ ಹೊರಕ್ಕೆ ಗುಡಿಸಿ. ಒದ್ದೆ ಬಟ್ಟೆಯಿಂದ ಒರೆಸಿದರೆ ಬೂಷ್ಟಿನ ಬೀಜ ಕಾಗದದೊಳಗೆ ಇಳಿಯುತ್ತದೆ. ದಿನಗಟ್ಟಲೆ ಬಿಸಿಲಿಗೆ ಇಟ್ಟರೆ ರಟ್ಟು ಸೊಟ್ಟಗಾಗಿ ಕಾಗದ ಹಪ್ಪಳದಂತೆ ಮುರಿಯುತ್ತದೆ. ಮುಗ್ಗಲು ವಾಸನೆಗೆ ಮುಚ್ಚಿದ ಡಬ್ಬದಲ್ಲಿ ಒಂದು ಬಟ್ಟಲು ಅಡುಗೆ ಸೋಡ ಇಟ್ಟು, ಪಕ್ಕದಲ್ಲಿ ಪುಸ್ತಕವನ್ನು ಅರೆತೆರೆದು ನಿಲ್ಲಿಸಿ, ಹತ್ತು ಹದಿನೈದು ದಿನ ಬಿಡಿ. ಸೋಡ ಪುಸ್ತಕಕ್ಕೆ ತಾಗಬಾರದು.

ನುಸಿ ಗುಳಿಗೆ ಬೇಡವೇ ಬೇಡ. ಒಂದೇ ಕೋಣೆಯಲ್ಲಿ ಮಲಗುವವರು ಆ ಹಬೆಯನ್ನು ರಾತ್ರಿಯಿಡೀ ಉಸಿರಾಡಬೇಕಾಗುತ್ತದೆ, ಮನೆಗೆ ಹಸುಗೂಸು ಬಂದರೆ ಇನ್ನೂ ಅಪಾಯ. ಒಣ ಬೇವಿನ ಎಲೆ, ಬಜೆ ಬೇರು ಇಡಬಹುದು. ತಾಳೆಗರಿಯ ಕಟ್ಟುಗಳಿಗೂ ಬಜೆ ಇಡುವ ರೂಢಿ ಇದೆ. ಆದರೆ ಇವು ಹೊಸ ಹುಳು ಬರದಿರಲಿ ಅಂತ ಇಡುವಂಥವು, ಒಳಗಿರುವುದನ್ನು ಕೊಲ್ಲುವುದಿಲ್ಲ.

ಕಪಾಟಿಗೆ ಸ್ಟೀಲಿನ ಸ್ಲಾಟೆಡ್ ಆಂಗಲ್ (ಉದ್ದಕ್ಕೂ ತೂತುಗಳಿರುವ ಪಟ್ಟಿ) ರ್ಯಾಕ್ ತೆಗೆದುಕೊಳ್ಳಿ. ನಟ್ಟು ಬೋಲ್ಟು ಬಿಚ್ಚಿ ಮುಂದಿನ ಬಾಡಿಗೆ ಮನೆಗೆ ಒಯ್ಯಬಹುದು. ಪುಸ್ತಕ ಒಂದಡಿ ಉದ್ದಕ್ಕೆ ಎಂಟರಿಂದ ಹತ್ತು ಕೆಜಿ ತೂಗುತ್ತದೆ. ಪಾರ್ಟಿಕಲ್ ಬೋರ್ಡಿನ ಅಗ್ಗದ ಶೆಲ್ಫ್ ಎರಡಡಿಗಿಂತ ಅಗಲವಿದ್ದರೆ ವರ್ಷದೊಳಗೆ ನಡು ಜೋತುಬೀಳುತ್ತದೆ. ಗೋಡೆಯಿಂದ ಎರಡು ಮೂರು ಇಂಚು, ನೆಲದಿಂದ ನಾಲ್ಕು ಇಂಚು ಬಿಟ್ಟಿರಲಿ. ಬಚ್ಚಲುಮನೆಯ ಗೋಡೆಗಂತೂ ತಾಗಿಸಬೇಡಿ. ತೇವ ಶೇ 65 ದಾಟಿದರೆ ಬೂಷ್ಟು ಶುರು. ತೆರೆದ ಕಪಾಟಿನಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಟ್ಟು ಪ್ರಯೋಜನವಿಲ್ಲ, ಮುಚ್ಚಿದ ಡಬ್ಬದಲ್ಲಿ ಮಾತ್ರ ಅದು ಕೆಲಸ ಮಾಡುವುದು. ಮಳೆಗಾಲದಲ್ಲಿ ಫ್ಯಾನ್ ಗಾಳಿ ತಾಗುವ ಹಾಗಿದ್ದರೆ ಸಾಕು.

ರಟ್ಟು_ಕ್ಯಾಲಿಕೋ (ಧಾರವಾಡ):

ವಾರಪತ್ರಿಕಿ ಬೇಕು ಅಂದೀರಿ, ಅದಕ್ಕ ಒಂದು ಮಾತು. ಹಿಂದಕ್ಕ ಮನ್ಯಾಗ ಸುಧಾ, ಪ್ರಜಾಮತದಂಥಾ ಪತ್ರಿಕಿಯೊಳಗಿನ ಧಾರಾವಾಹಿ ಹಾಳಿ ವಾರಾ ವಾರಾ ಕಿತ್ತಿಟ್ಟು, ಮುಗಿದ ಮ್ಯಾಲ ರಟ್ಟು ಹಾಕಿಸಿ ಇಡತಿದ್ರು. ರದ್ದಿ ಅಂಗಡ್ಯಾಗ ಹೆಸರಿಲ್ಲದ ಉದ್ದನ್ನ ಬೈಂಡ್ ಕಂಡ್ರ ಮೊದಲ ಅದನ್ನ ತಗದು ನೋಡ್ರಿ. ಪುಸ್ತಕ ಆಗಿ ಬಂದಾಗ ಬಿಟ್ಟುಹೋದ ಚಿತ್ರ ಅದರಾಗ ಇರ್ತಾವ. ಪ್ರತಿ ಕಂತಿನ ಸಂಖ್ಯಾ ಸಾಲಾಗಿ ಐತೋ ಇಲ್ಲೋ ನೋಡ್ಕೊಳ್ರಿ, ಒಂದು ಕಂತು ಹಾರಿದ್ರ ಓದಿನ ಮಜಾ ಹೋತು. ಬಿಡಿ ಸಂಚಿಕಿ ತಂದ್ರ ಜಂಗ ಹಿಡಿದ ಪಿನ್ ಹಿಂದಿನಿಂದ ನೆಟ್ಟಗ ಮಾಡಿ ಮೆಲ್ಲಕ ಎಳೀರಿ, ಅದ ತೂತಿನ್ಯಾಗ ಬಿಳಿ ನೂಲು ಹಾಕಿ ಕಟ್ಟರಿ.

ಹರದ ಹಾಳಿಗೆ ಸೆಲೋಟೇಪ್ ಹಚ್ಚಬ್ಯಾಡ್ರಿ. ಟೇಪ್ ಉದುರಿ ಹೋಗತೈತಿ, ಹಳದಿ ಗಮ್ ಮಾತ್ರ ಕಾಗದದಾಗ ಉಳೀತೈತಿ. ಫೆವಿಕಾಲ್ ಒಣಗಿದ ಮ್ಯಾಲ ಬಿಡಿಸಾಕ ಬರಂಗಿಲ್ಲ. ಒಂದು ಚಮಚಾ ಮೈದಾಕ್ಕ ಐದು ಚಮಚಾ ನೀರು, ಸಣ್ಣ ಉರಿಮ್ಯಾಲ ತಿರುವಿ ಮಿಂಚು ಬರೋತನಕ ಕುದಿಸ್ರಿ, ಆರಿದ ಮ್ಯಾಲ ಹಚ್ಚರಿ. ಎರಡು ದಿನಕ್ಕ ಹುಳಿ ಬರತೈತಿ, ಬೇಕಾದಷ್ಟ ಮಾಡ್ಕೊಳ್ರಿ. ಬೈಂಡರ್ ಮಂದಿ ಇದಕ್ಕ ಮೈಲುತುತ್ತ ಹಾಕತಾರ, ಹುಳ ಬರಬಾರದಂತ. ಅದು ವಿಷ, ಮನ್ಯಾಗ ಬ್ಯಾಡ. ಹರದ ಜಾಗಕ್ಕ ಜಪಾನೀ ಟಿಶ್ಯೂ ಕಾಗದಾನ (ತೆಳ್ಳಗಿದ್ರೂ ಗಟ್ಟಿ ನಾರಿನ ಕಾಗದ) ಕತ್ತರೀಲೆ ಕತ್ತರಸದ, ನೀರಿನ ಗೆರಿ ಎಳದು ಕೈಲೆ ಹರೀರಿ. ಅಂಚು ನಾರು ನಾರಾಗಿ ಇದ್ರ ಜೋಡಣಿ ಕಾಣಂಗಿಲ್ಲ. ಎರಡೂ ಕಡೆ ಬಟರ್ ಪೇಪರ್ ಇಟ್ಟು ರಾತ್ರಿ ಪೂರ್ತಿ ಭಾರ ಹೇರ್ರಿ.

ಬೈಂಡಿಂಗಿಗೆ ಕೊಡೋ ಮುಂದ ಮೂರು ಮಾತು ಹೇಳ್ರಿ: ಹಳೇ ಮುಖಪುಟ ಒಳಗ ಸೇರಸ್ರಿ, ಅಂಚು ಕಟಿಂಗ್ ಬ್ಯಾಡ, ಪಕ್ಕಕ್ಕ ಚುಚ್ಚಿ ಹೊಲೀಬ್ಯಾಡ್ರಿ, ಫಾರ್ಮಿನ ನಡುವ ಹೊಲೀರಿ. ಹೇಳಲಿಲ್ಲಂದ್ರ ಮಷಿನ್ನಿಗೆ ಕೊಟ್ಟು ಕಾಲಿಂಚು ಕತ್ತರಿಸಿಬಿಡತಾರ, ಪುಟ ಸಂಖ್ಯಾನೂ ಹೋಗತಾವ.

ಮಹಡಿಮನೆ_ಇಬ್ಬರು:

ಎಲ್ಲರಿಗೂ ಥ್ಯಾಂಕ್ಸ್. ಇನ್ನೆರಡು ಪ್ರಶ್ನೆ. ಮುಖಪುಟದ ಮೇಲಿನ ಬೆಲೆ ಸ್ಟಿಕ್ಕರ್ ಕಿತ್ತರೆ ಬಣ್ಣವೂ ಬರುತ್ತಿದೆ, ಏನು ಮಾಡುವುದು? ಹಳೆ ಪುಸ್ತಕದೊಳಗೆ ನೋಟು, ಪತ್ರ ಸಿಕ್ಕರೆ ಇಟ್ಟುಕೊಳ್ಳಬಹುದಾ? ಹಳೇ ಐನೂರರ ನೋಟು ಇಟ್ಟುಕೊಳ್ಳುವುದೇ ಅಪರಾಧ ಅನ್ನುತ್ತಾರಲ್ಲ?

ಪ್ರತಿಗಳು_ಸಾವಿರ:

ಸ್ಟಿಕ್ಕರಿಗೆ ಹೇರ್ ಡ್ರೈಯರ್ ಬಿಸಿ ಅರ್ಧ ನಿಮಿಷ ಕೊಟ್ಟು, ಒಂದು ಮೂಲೆಯಿಂದ ಮಡಚಿದಂತೆ ಮೆಲ್ಲಗೆ ಎಳೆಯಿರಿ. ಉಳಿದ ಅಂಟಿಗೆ ಲ್ಯಾಮಿನೇಟ್ ಆದ ಮುಖಪುಟವಾದರೆ ಹತ್ತಿಯಲ್ಲಿ ಒಂದು ಹನಿ ನೀಲಗಿರಿ ಎಣ್ಣೆ. ಲ್ಯಾಮಿನೇಶನ್ ಇಲ್ಲದ್ದಕ್ಕೆ ಎಣ್ಣೆ ತಾಗಿಸಿದರೆ ಕಲೆ ನಿಲ್ಲುತ್ತದೆ, ಅಲ್ಲಿ ಬಿಳಿ ರಬ್ಬರ್ ಅಷ್ಟೇ.

2016ರ ನವೆಂಬರ್‌ನಲ್ಲಿ ರದ್ದಾದ 500, 1000ದ ನೋಟುಗಳಿಗೆ 2017ರ ಕಾಯ್ದೆಯ ಮಿತಿ ಇದೆ: ಎರಡೂ ಸೇರಿ ಹತ್ತು ನೋಟಿನವರೆಗೆ ಇಟ್ಟುಕೊಳ್ಳಬಹುದು, ಅದಕ್ಕಿಂತ ಹೆಚ್ಚಿದ್ದರೆ ದಂಡ. ನಾಣ್ಯ, ನೋಟುಗಳ ಅಧ್ಯಯನಕ್ಕೆಂದಾದರೆ 25ರವರೆಗೆ. 2000ದ ನೋಟು ಸಿಕ್ಕಿದರೆ ನಿಜವಾದ ಅದೃಷ್ಟ. ಬ್ಯಾಂಕಿನವರು ತೆಗೆದುಕೊಳ್ಳುವುದು ನಿಂತಿದೆ, ಆದರೆ ಅದು ರದ್ದಾಗಿಲ್ಲ. ಗುರುತಿನ ಚೀಟಿ ಹಿಡಿದು ನೃಪತುಂಗ ರಸ್ತೆಯ ರಿಸರ್ವ್ ಬ್ಯಾಂಕಿಗೆ ಹೋಗಿ.

ಪತ್ರ, ಫೋಟೊ ಸಿಕ್ಕರೆ ಅಂಗಡಿಯವರನ್ನು ಒಮ್ಮೆ ಕೇಳಿ, ಯಾವ ಮನೆಯಿಂದ ಬಂದ ಗಂಟು ಅನ್ನುವುದು ಅವರಿಗೆ ನೆನಪಿದ್ದರೆ ವಾಪಸು ತಲುಪಿಸಬಹುದು. ವಿಳಾಸ, ಹೆಸರು ಕಾಣುವಂತೆ ಫೋಟೊ ತೆಗೆದು ಇಲ್ಲಿ ಹಾಕಬೇಡಿ.