1968ರ ಮಸ್ಟಾಂಗ್ ಹಿಂಭಾಗ ಇಳಿಸಬೇಕು, ಮಾಡಿದವರು ಹೇಳಿ

ಪ್ರಶ್ನೆ:
ನಾನಿರೋದು ಮಿಶಿಗನ್‌ನಲ್ಲಿ. 1968ರ ಫೋರ್ಡ್ ಮಸ್ಟಾಂಗ್ ಫಾಸ್ಟ್‌ಬ್ಯಾಕ್ (ಛಾವಣಿ ಹಿಂದಕ್ಕೆ ಇಳಿಜಾರಾಗಿರುವ ಮಾದರಿ) ತಗೊಂಡಿದ್ದೇನೆ, 302 ವಿ8 ಇಂಜಿನ್. ಹಿಂದೆ ಎತ್ತರ ಜಾಸ್ತಿ, ಪಕ್ಕದಿಂದ ನೋಡಿದರೆ ಗಾಡಿ ಮೂಗು ತಗ್ಗಿಸಿ ನಿಂತ ಹಾಗಿದೆ. ಒಂದೂವರೆ ಇಂಚು ಇಳಿಸುವ ಯೋಚನೆ. ಹಿಂದಿನ ಆಕ್ಸಲ್ (ಎರಡು ಚಕ್ರ ಕೂರುವ ಅಚ್ಚು) ಮತ್ತು ಸ್ಪ್ರಿಂಗ್ ನಡುವೆ ಬ್ಲಾಕ್ (ಲೋಹದ ದಪ್ಪ ತುಂಡು) ಹಾಕು ಸಾಕು ಅಂತ ಒಬ್ಬರು, ಸ್ಪ್ರಿಂಗೇ ಬದಲಾಯಿಸು ಅಂತ ಇನ್ನೊಬ್ಬರು. ಬೇಸಿಗೆಯಲ್ಲಿ ವಾರಾಂತ್ಯಕ್ಕೆ ಮಾತ್ರ ಓಡಿಸುವ ಗಾಡಿ.

1966ರ ಮಸ್ಟಾಂಗ್, ಒಹಾಯೊ:
ಇಳಿಸೋದು ಆಮೇಲೆ. ಅದು ಯಾಕೆ ಎತ್ತರ ಇದೆ ಅಂತ ಮೊದಲು ನೋಡಿ. 1970ರ ದಶಕದಲ್ಲಿ ಇಲ್ಲಿಯ ಹುಡುಗರಿಗೆ ಗಾಡಿಯ ಹಿಂಭಾಗ ಎತ್ತೋದೇ ಒಂದು ಶೋಕಿ. ದಪ್ಪ ಟೈರ್ ಫೆಂಡರ್‌ಗೆ (ಚಕ್ರದ ಮೇಲಿನ ಮಡ್‌ಗಾರ್ಡ್) ತಾಗಬಾರದು ಅಂತ ಉದ್ದದ ಶಾಕಲ್ (ಸ್ಪ್ರಿಂಗಿನ ಹಿಂದಿನ ತುದಿಯನ್ನು ಗಾಡಿಗೆ ತೂಗುಹಾಕುವ ಕೊಂಡಿ) ಹಾಕೋರು, ಇಲ್ಲಾಂದ್ರೆ ಏರ್ ಶಾಕ್ (ಗಾಳಿಯ ಶಾಕ್ ಅಬ್ಸಾರ್ಬರ್) ಹಾಕಿ ಗಾಳಿ ತುಂಬೋರು. ಐವತ್ತು ವರ್ಷ, ಎಷ್ಟೋ ಕೈ ದಾಟಿ ಬಂದ ಗಾಡಿಯಲ್ಲಿ ಇವು ಹಾಗೇ ಉಳಿದಿರುತ್ತವೆ. ಕೆಳಗೆ ಮಲಗಿ ನೋಡಿ. ಶಾಕ್‌ನಿಂದ ತೆಳ್ಳಗಿನ ಪ್ಲಾಸ್ಟಿಕ್ ನಳಿಕೆ ಡಿಕ್ಕಿ ಕಡೆ ಹೋಗಿದ್ದರೆ ಅದು ಏರ್ ಶಾಕ್. ಶಾಕಲ್‌ನಲ್ಲಿ ಒಂದರ ಕೆಳಗೊಂದು ಮೂರು ನಾಲ್ಕು ತೂತು ಇದ್ದರೆ ಅದು ಕಂಪನಿಯದ್ದಲ್ಲ. ಈ ಗಾಡಿಯಲ್ಲಿ ಶಾಕಲ್ ಒಂದು ಇಂಚು ಉದ್ದ ಆದರೆ ಹಿಂಭಾಗ ಸುಮಾರು ಅರ್ಧ ಇಂಚು ಏರುತ್ತದೆ. ಹಳೇ ಅಳತೆಯ ಶಾಕಲ್ ಹಾಕಿದರೆ ಅರ್ಧ ಕೆಲಸ ಅಲ್ಲೇ ಮುಗೀಬಹುದು.

ಇನ್ನೊಂದು, ಎತ್ತರವನ್ನು ನೆಲದಿಂದ ಅಳೀಬೇಡಿ, ಟೈರ್ ಬದಲಾದರೆ ಲೆಕ್ಕ ತಪ್ಪುತ್ತದೆ. ಚಕ್ರದ ನಡುವಿನಿಂದ ಫೆಂಡರ್ ಅಂಚಿಗೆ ಅಳೆಯಿರಿ, ಎರಡೂ ಕಡೆ. ಪೆಟ್ರೋಲ್ ಎಷ್ಟಿದೆ ಅಂತ ಪಕ್ಕದಲ್ಲೇ ಬರೆದಿಡಿ. ಈ ಗಾಡಿಯ ಟ್ಯಾಂಕ್ ಇರೋದೇ ಡಿಕ್ಕಿಯ ತಳದಲ್ಲಿ, 17 ಗ್ಯಾಲನ್, ತುಂಬಿದರೆ 45 ಕಿಲೋಗೂ ಮೇಲೆ ಭಾರ, ಅದೂ ಆಕ್ಸಲ್‌ಗಿಂತ ಹಿಂದೆ. ಖಾಲಿ ಟ್ಯಾಂಕ್‌ನಲ್ಲಿ ಅಳೆದು ಬ್ಲಾಕ್ ತರಿಸಿದರೆ ಆಮೇಲೆ ಗಾಡಿ ಕುಂಡೆ ಊರಿಕೊಂಡು ಓಡಾಡುತ್ತದೆ.

1967ರ ಮಸ್ಟಾಂಗ್, ಟೆಕ್ಸಾಸ್:
ನಾನು ಬ್ಲಾಕ್ ಹಾಕಿದವನು, ಒಂದು ಇಂಚಿನದು, ಯಾವ ತೊಂದರೆಯೂ ಇಲ್ಲ. ಸುಮ್ನೆ ಹೆದರಿಸೋರು ಜಾಸ್ತಿ. ಈ ಗಾಡಿಯಲ್ಲಿ ಆಕ್ಸಲ್ ಕೂರೋದು ಲೀಫ್ ಸ್ಪ್ರಿಂಗ್ (ಬಾಗಿದ ಉಕ್ಕಿನ ಪಟ್ಟಿ, ಅಂದ್ರೆ ಬ್ಲೇಡ್‌ಗಳ ಸ್ಪ್ರಿಂಗ್) ಮೇಲೆ. ನಡುವೆ ಬ್ಲಾಕ್ ತೂರಿಸಿದರೆ ಸ್ಪ್ರಿಂಗ್ ಅಷ್ಟು ಕೆಳಗೆ ಹೋಗುತ್ತದೆ, ಬಾಡಿಯೂ ಅಷ್ಟೇ ಇಳಿಯುತ್ತದೆ. ಸ್ಪ್ರಿಂಗ್‌ನ ನಡು ಬೋಲ್ಟಿನ ತಲೆ ಬ್ಲಾಕ್‌ನ ತೂತಿನೊಳಗೆ ಸರಿಯಾಗಿ ಕೂತಿರಬೇಕು, ಬ್ಲಾಕ್ ಮೇಲಿನ ಗೂಟ ಆಕ್ಸಲ್‌ನ ತೂತಿಗೆ ಸೇರಬೇಕು. ಇದು ಕೂರದೆ ಯು-ಬೋಲ್ಟ್ (ಆಕ್ಸಲ್, ಸ್ಪ್ರಿಂಗ್ ಎರಡನ್ನೂ ಹಿಡಿದಿಡುವ ಯು ಆಕಾರದ ಬೋಲ್ಟ್) ಬಿಗಿದರೆ ಆಕ್ಸಲ್ ಓರೆಯಾಗಿ ನಿಲ್ಲುತ್ತದೆ. ಯು-ಬೋಲ್ಟ್ ಉದ್ದದ್ದು ಬೇಕು, ಹೊಸದೇ ತಗೊಳ್ಳಿ. ಸ್ವಲ್ಪ ದಿನ ಓಡಿಸಿದ ಮೇಲೆ ಮತ್ತೊಮ್ಮೆ ಬಿಗಿಯಿರಿ. ಒಂದು ಬ್ಲಾಕ್ ಮೇಲೆ ಇನ್ನೊಂದು ಪೇರಿಸೋದಂತೂ ಬೇಡವೇ ಬೇಡ.

1968ರ ಕಮಾರೊ, ನ್ಯೂ ಜೆರ್ಸಿ:
ಒಂದು ಇಂಚಿನವರೆಗೆ ಮೇಲಿನವರ ಮಾತು ಒಪ್ಪುತ್ತೇನೆ. ಅದಕ್ಕಿಂತ ಜಾಸ್ತಿ ಆದರೆ ಇಲ್ಲ. ಬ್ಲಾಕ್ ಎತ್ತರ ಆದಷ್ಟೂ ಆಕ್ಸಲ್‌ಗೆ ಸ್ಪ್ರಿಂಗ್ ತಿರುಚೋಕೆ ಹಿಡಿತ ಜಾಸ್ತಿ ಸಿಗುತ್ತದೆ. ಜೋರಾಗಿ ಎಕ್ಸಲರೇಟರ್ ಒತ್ತಿದಾಗ ಸ್ಪ್ರಿಂಗ್ ಇಂಗ್ಲಿಷಿನ ಎಸ್ ಆಕಾರಕ್ಕೆ ಬಾಗಿ, ಬಿಟ್ಟು, ಮತ್ತೆ ಬಾಗಿ, ಹಿಂದಿನ ಚಕ್ರ ಧಡಧಡ ಕುಣಿಯುತ್ತದೆ. ಕಂಪನಿಗಳಿಗೇ ಇದು ತಲೆನೋವಾಗಿತ್ತು. 1967ರ ಕಮಾರೊಗೆ (ನನ್ನ ಗಾಡಿ, ಶೆವ್ರೊಲೆ ಕಂಪನಿಯದು) ಒಂದೇ ಬ್ಲೇಡಿನ ಸ್ಪ್ರಿಂಗ್ ಕೊಟ್ಟಿದ್ದರು. 1968ಕ್ಕೆ ಒಂದು ಶಾಕ್ ಆಕ್ಸಲ್ ಮುಂದೆ, ಇನ್ನೊಂದು ಹಿಂದೆ ಇಟ್ಟರು, ಜೋರು ಇಂಜಿನ್ ಇದ್ದವಕ್ಕೆ ಹಲವು ಬ್ಲೇಡಿನ ಸೆಟ್ ಬಂತು. ಫೋರ್ಡ್‌ನವರೂ 428 ಕೋಬ್ರಾ ಜೆಟ್ ಅನ್ನೋ ದೊಡ್ಡ ಇಂಜಿನ್, ನಾಲ್ಕು ಗೇರಿನ ಮಸ್ಟಾಂಗ್‌ಗೆ ಶಾಕ್ ಒಂದು ಮುಂದೆ, ಒಂದು ಹಿಂದೆ ಇಡುವ ಇದೇ ಉಪಾಯ ಮಾಡಿದರು. ಹಾಗಾಗಿ ಒಂದೂವರೆ ಇಂಚು ಬೇಕೇ ಬೇಕು ಅಂದ್ರೆ ಮಿಡ್-ಐ ಅಥವಾ ರಿವರ್ಸ್-ಐ ಸ್ಪ್ರಿಂಗ್ ತಗೊಳ್ಳಿ. ಮುಖ್ಯ ಬ್ಲೇಡಿನ ತುದಿಯ ಕಿವಿಯನ್ನು (ಬೋಲ್ಟ್ ತೂರುವ ಸುರುಳಿ, ಇಂಗ್ಲಿಷಿನಲ್ಲಿ ಐ) ಮೇಲಕ್ಕೆ ಸುತ್ತುವ ಬದಲು ಅರ್ಧಕ್ಕೆ ಅಥವಾ ಪೂರ್ತಿ ಕೆಳಕ್ಕೆ ಸುತ್ತಿರುತ್ತಾರೆ. ಆಕ್ಸಲ್ ಮತ್ತು ಸ್ಪ್ರಿಂಗ್ ನಡುವೆ ಏನೂ ಸೇರದೆ ಗಾಡಿ ಇಳಿಯುತ್ತದೆ. ಹೊಸ ಸ್ಪ್ರಿಂಗ್ ಓಡ್ತಾ ಓಡ್ತಾ ಇನ್ನೂ ಸ್ವಲ್ಪ ಕೂರುತ್ತದೆ, ಹಾಕಿದ ದಿನವೇ ಟೇಪ್ ಹಿಡಿದು ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ ಕೇಳಿದವರು:
ನೋಡಿದೆ. ಶಾಕಲ್ ಉದ್ದದ್ದೇ, ಮೂರು ತೂತು! ಸ್ಪ್ರಿಂಗೂ ಹಳೇದು, ಒಂದು ಬ್ಲೇಡ್ ಬಿರುಕು ಬಿಟ್ಟಿದೆ, ಹಾಗಾಗಿ ಹೊಸ ಸೆಟ್ ತಗೊಳ್ಳೋದೇ ಸರಿ ಅನಿಸುತ್ತೆ. ಆದರೆ ಮುಂದಿನ ಕಿವಿಯ ಬೋಲ್ಟ್ ಅಲ್ಲಾಡ್ತಾನೇ ಇಲ್ಲ.

1966ರ ಮಸ್ಟಾಂಗ್, ಒಹಾಯೊ:
ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ಊರಲ್ಲಿ ಅದು ಮಾಮೂಲು. ಬುಷ್ (ಕಿವಿಯೊಳಗೆ ಕೂರುವ ರಬ್ಬರ್ ತುಂಡು) ಒಳಗಿನ ಉಕ್ಕಿನ ಕೊಳವೆಗೆ ಬೋಲ್ಟ್ ತುಕ್ಕು ಹಿಡಿದು ಅಂಟಿಕೊಂಡಿರುತ್ತದೆ. ನಟ್ ಬಿಚ್ಚಿಕೊಂಡರೂ ಬೋಲ್ಟ್ ತಿರುಗಿದಾಗ ರಬ್ಬರೂ ಜೊತೆಗೇ ತಿರುಗುತ್ತದೆ, ಹೊರಗೆ ಮಾತ್ರ ಬರಲ್ಲ. ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಡಿ. ಆಗಲೂ ಬರದಿದ್ದರೆ ಬುಷ್‌ನ ಎರಡೂ ಪಕ್ಕದಲ್ಲಿ ಗರಗಸ ಹಾಕಿ ಬೋಲ್ಟನ್ನೇ ಕತ್ತರಿಸಿ. ಹೇಗೂ ಹೊಸ ಸ್ಪ್ರಿಂಗ್ ಬರ್ತಿದೆ, ಅಲ್ವಾ? ಪೆಟ್ರೋಲ್ ಟ್ಯಾಂಕ್ ಹತ್ತಿರ ಗ್ಯಾಸ್ ಬೆಂಕಿ ಹಿಡೀಬೇಡಿ. ಗಾಡಿಯ ಬಾಡಿ ಕೆಳಗೆ ಸ್ಟ್ಯಾಂಡ್ ಕೊಟ್ಟಿರಿ, ಬರೀ ಜ್ಯಾಕ್ ನಂಬಬೇಡಿ. ಸ್ಪ್ರಿಂಗ್ ಬಿಚ್ಚಿದ ಮೇಲೆ ಶಾಕಲ್ ಕೂರುವ ಜಾಗ, ಮುಂದಿನ ಬೋಲ್ಟಿನ ಸುತ್ತಲಿನ ಫ್ರೇಮ್ ರೈಲು, ಎರಡನ್ನೂ ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿ. ತಗಡು ಪೊಳ್ಳಾಗಿದ್ದರೆ ಮೊದಲು ವೆಲ್ಡಿಂಗ್, ಆಮೇಲೆ ಸ್ಪ್ರಿಂಗ್.

ಹಾಕುವಾಗ ಕಿವಿಯ ಬೋಲ್ಟ್, ಶಾಕಲ್ ಬೋಲ್ಟ್ ಎಲ್ಲ ಕೈಯಲ್ಲಿ ಬಿಗಿದು ಬಿಡಿ. ಗಾಡಿ ಚಕ್ರದ ಮೇಲೆ ನಿಂತ ಮೇಲೆಯೇ ಪೂರ್ತಿ ಬಿಗಿತ. ಚಕ್ರ ಗಾಳಿಯಲ್ಲಿ ತೂಗ್ತಿರುವಾಗ ಬಿಗಿದರೆ ರಬ್ಬರ್ ಬುಷ್ ಆ ಸ್ಥಿತಿಯಲ್ಲೇ ಕಚ್ಚಿಕೊಳ್ಳುತ್ತದೆ, ಗಾಡಿ ಇಳಿಸಿದಾಗ ತಿರುಚಿಕೊಂಡು ಹಿಂಭಾಗವನ್ನು ಎತ್ತಿ ಹಿಡಿಯುತ್ತದೆ, ಬೇಗ ಹರಿಯುತ್ತದೆ ಕೂಡ. ಹೊಸ ಸ್ಪ್ರಿಂಗ್ ಹಾಕಿದರೂ ಇಳೀಲಿಲ್ಲ ಅಂತ ಬೈಯುವವರಲ್ಲಿ ಬಹಳ ಜನರ ಕಥೆ ಇದೇ.

1970ರ ಶೆವೆಲ್, ಕ್ಯಾಲಿಫೋರ್ನಿಯಾ:
ನಮ್ಮದು ಕಾಯಿಲ್ (ಸುರುಳಿ) ಸ್ಪ್ರಿಂಗ್, ಬ್ಲಾಕ್ ಮಾತೇ ಇಲ್ಲ. ಶೆವೆಲ್‌ನವರು ಯಾರಾದರೂ ಓದ್ತಿದ್ದರೆ: ಕಾಯಿಲ್‌ಗೆ ಬೆಂಕಿ ಕೊಟ್ಟು ಕುಗ್ಗಿಸಬೇಡಿ, ಉಕ್ಕಿನ ಹದ ಹೋಗುತ್ತದೆ. ಕತ್ತರಿಸಿದರೆ ಸ್ಪ್ರಿಂಗ್ ಗಡುಸಾಗುತ್ತದೆ. ಇಳಿಸೋಕೆ ಅಂತಲೇ ಮಾಡಿದ ಗಿಡ್ಡ ಕಾಯಿಲ್ ಸಿಗುತ್ತದೆ, ಅದನ್ನು ಹಾಕಿ.

1967ರ ಮಸ್ಟಾಂಗ್, ಟೆಕ್ಸಾಸ್:
ಹೊಸ ಸ್ಪ್ರಿಂಗ್ ಹಾಕಿದ ಮೇಲೆ ಡಿಕ್ಕಿಗೆ ಭಾರ ಹಾಕಿ, ಹಿಂದೆ ಇಬ್ಬರನ್ನು ಕೂರಿಸಿ. ಆಕ್ಸಲ್‌ಗೂ ಮೇಲಿನ ರಬ್ಬರ್ ಸ್ಟಾಪ್‌ಗೂ ಎಷ್ಟು ಜಾಗ ಉಳೀತು, ಸೈಲೆನ್ಸರ್ ಪೈಪ್ ಆಕ್ಸಲ್ ಮೇಲೆ ಹಾದುಹೋಗುವ ಕಡೆ ಎಷ್ಟು, ಟೈರ್‌ಗೂ ಫೆಂಡರಿನ ಒಳ ಅಂಚಿಗೂ ಎಷ್ಟು, ಮೂರೂ ನೋಡಿ. ಶಾಕ್ ಉದ್ದ ಆಗಿದ್ದರೆ ಗುಂಡಿಯಲ್ಲಿ ರಬ್ಬರ್ ಸ್ಟಾಪ್‌ಗಿಂತ ಮುಂಚೆ ಶಾಕೇ ತಳ ಮುಟ್ಟುತ್ತದೆ, ಹಾಗಾದರೆ ಗಿಡ್ಡದ್ದು ಹಾಕಿ. ಹೈವೇಯಲ್ಲಿ ಹೊಸದಾಗಿ ನಡುಕ ಶುರುವಾದರೆ ಪಿನಿಯನ್ ಕೋನ (ಇಂಜಿನ್ ಕಡೆಯಿಂದ ಬರುವ ಶಾಫ್ಟ್ ಆಕ್ಸಲ್‌ಗೆ ಸೇರುವ ಕಡೆಯ ಓರೆ) ಅಳೆಸಿ. ಸ್ಪ್ರಿಂಗ್ ಮತ್ತು ಆಕ್ಸಲ್ ನಡುವೆ ಎರಡು ಡಿಗ್ರಿ, ನಾಲ್ಕು ಡಿಗ್ರಿ ಓರೆಯ ಶಿಮ್ (ತೆಳ್ಳಗಿನ ಬೆಣೆ) ಹಾಕಿ ಸರಿ ಮಾಡುತ್ತಾರೆ. ಉಕ್ಕಿನದೇ ಇರಲಿ.

1968ರ ಕಮಾರೊ, ನ್ಯೂ ಜೆರ್ಸಿ:
ಅಲೈನ್‌ಮೆಂಟ್ ಎಲ್ಲಾ ಮುಗಿದ ಮೇಲೆ ಮಾಡಿಸಿ, ಮುಂಚೆ ಅಲ್ಲ. ನಿಮ್ಮದೂ ನನ್ನದೂ ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ದೂರ) 108 ಇಂಚು. ಹಿಂದೆ ಒಂದು ಇಂಚು ಇಳಿದರೆ ಮುಂದಿನ ಕ್ಯಾಸ್ಟರ್ (ಮುಂದಿನ ಚಕ್ರ ತಿರುಗುವ ಅಕ್ಷದ ಓರೆ) ಸುಮಾರು ಅರ್ಧ ಡಿಗ್ರಿ ಪಾಸಿಟಿವ್ ಕಡೆಗೆ, ಅಂದ್ರೆ ಮೇಲ್ತುದಿ ಹಿಂದಕ್ಕೆ, ಹೋಗುತ್ತದೆ. ಹೈವೇಗೆ ಅದು ಒಳ್ಳೆಯದೇ, ಪವರ್ ಸ್ಟಿಯರಿಂಗ್ ಇಲ್ಲದಿದ್ದರೆ ಮಾತ್ರ ಪಾರ್ಕಿಂಗ್‌ನಲ್ಲಿ ಕೈಗೆ ಸ್ವಲ್ಪ ಭಾರ. ಹೆಡ್‌ಲೈಟೂ ಮೇಲೆ ನೋಡೋಕೆ ಶುರು ಮಾಡುತ್ತದೆ, ಅದನ್ನೂ ಆವತ್ತೇ ಇಳಿಸಿಬಿಡಿ.